ನಾಲ್ಕು ಅಂಗಿಗಳ ಲೆಕ್ಕ

ನಮ್ಮ ಹ್ವಾನಾ ದೀಯಸ್‌ನಲ್ಲಿ ಸ್ಲೀವ್ ಅಂದರೆ ಯಾರೂ ತಿರುಗಿ ನೋಡುವುದಿಲ್ಲ.
ಕಮೀಸಾ ಅನ್ನಬೇಕು. ಅಂಗಿ.
ಅಲ್ಯೂಮಿನಿಯಂ ಬ್ಲಾಕು ಒಳಮೈಗೆ ತೊಡುವ
ಬೀಡುಕಬ್ಬಿಣದ ಅಂಗಿ.

ಜೋಕ್ಸಾನ್ ಬ್ಲಾಕನ್ನು ಹೂವಿನ ಚಿತ್ತಾರದ ಹೊದಿಕೆಯಲ್ಲಿ ಸುತ್ತಿ
ಎದೆಗವಚಿಕೊಂಡು ತಂದ, ಆಗಷ್ಟೇ ಮಿಂದ ಕೂಸಿನ ಹಾಗೆ.
"ಎಂಬತ್ತೊಂದು ಮಿಲ್ಲಿಮೀಟರಿದೆ, ದೋನ್ಯಾ ಮಿಗ್ದಾಲಿಯಾ,
ಎಂಬತ್ತನಾಲ್ಕು ಮಾಡಿಕೊಡಿ. ಎಷ್ಟಾಗುತ್ತೆ?"

ಎಷ್ಟಾಗುತ್ತೆ ಅನ್ನುವುದನ್ನು ನಾನು ಬಾಯಲ್ಲಿ ಹೇಳುವುದಿಲ್ಲ.
ಗ್ಯಾಸ್ಕೆಟ್ ಡಬ್ಬದ ರಟ್ಟು ಹರಿದು, ಪೆನ್ಸಿಲ್ ನೆಕ್ಕಿ ಬರೆದೆ.
ನಾಲ್ಕು ಅಂಗಿಗೆ ಆರುನೂರು.
ಹಳೆಯದನ್ನು ಕೊರೆದು ತೆಗೆದು ಹೊಸದು ಕೂರಿಸಲು ಏಳುನೂರು,
ಅದರಲ್ಲಿ ನನ್ನ ಸೊಂಟನೋವೂ ಸೇರಿದೆ.
ಮೇಲ್ಮೈ ಸಪಾಟು ಮಾಡಲು ನೂರಿಪ್ಪತ್ತು, ಹೋನಿಂಗಿಗೆ ನೂರ ಅರವತ್ತು.
ಪಿಸ್ಟನ್ ಮರೆತಿದ್ದನಂತೆ. ಎಲ್ಲರೂ ಮರೆಯುತ್ತಾರೆ.
ಬಾಯಿ ದೊಡ್ಡದಾದರೆ ತುತ್ತೂ ದೊಡ್ಡದಾಗಬೇಕಲ್ಲ?
ಆರುನೂರ ನಲವತ್ತು. ಗ್ಯಾಸ್ಕೆಟ್ ತೊಂಬತ್ತು.
ಅಡಿಗೆರೆ ಎಳೆದೆ.
ಎರಡು ಸಾವಿರದ ಮುನ್ನೂರ ಹತ್ತು ಡಾಲರು.
ಬ್ಲಾಕು ಅವನಿಗೆ ಬಿದ್ದದ್ದು ಇನ್ನೂರಕ್ಕೆ. ಮೂಗಿಗಿಂತ ಮೂಗುತಿ ಭಾರ.

ಹುಡುಗ ತುಟಿ ಪಿಟಕ್ಕೆನ್ನಲಿಲ್ಲ.
ಒಲೆಯ ಮೇಲೆ ಕಾಫಿ ಉಕ್ಕಿ ಬಂದಿತ್ತು. ಅಳತೆಯ ಗಾಜಿನಲ್ಲಿ
ನೂರ ಮೂವತ್ತಾರಕ್ಕೆ ಸರಿಯಾಗಿ ಸುರಿದು ಅವನ ಮುಂದಿಟ್ಟೆ.
"ನೀನು ಕೊಳ್ಳುತ್ತಿರುವುದು ಇಷ್ಟು ಜಾಗ. ಬರೀ ಜಾಗ.
ಸಿಲಿಂಡರಿಗೆ ಎರಡು ಗುಟುಕು. ಸಿಸಿಗೆ ಹದಿನೇಳು ಡಾಲರು.
ಪೋನ್ಸೆಯ ಗುಜರಿಯಲ್ಲಿ ಎರಡು ಪಾಯಿಂಟ್ ನಾಲ್ಕರ ಇಡೀ ಎಂಜಿನ್ನು
ಎಂಟುನೂರಕ್ಕೆ ಸಿಗುತ್ತದೆ, ಹೋಗಿ ತಾ."

ಕಾಫಿ ಕುಡಿದ. ಸಕ್ಕರೆ ಕೇಳಲಿಲ್ಲ.
"ಅದು ಬೇರೆಯವರ ಸದ್ದು" ಅಂದ.

ಇಂಥ ಮಾತಿಗೆ ಎದುರು ಹೇಳುವ ಅಂಕಿ ನನ್ನ ರಟ್ಟಿನಲ್ಲಿರಲಿಲ್ಲ.

ಕಂತಿನಲ್ಲಿ ತೀರಿಸಿದ. ಹಿಂದಿನ ಸೀಟು ಮಾರಿದ, ಸ್ಪೀಕರು ಮಾರಿದ,
ಮಾವಿನ ತೋಪಿನ ಶೆಡ್ಡಿನಲ್ಲಿ ಎರಡು ತಿಂಗಳು ಪೆಟ್ಟಿಗೆ ತುಂಬಿದ.
ಅವನ ನೋಟುಗಳಿಗೆ ಸೊನೆ ಮೆತ್ತಿರುತ್ತಿತ್ತು,
ಎಣಿಸುವಾಗ ಒಂದಕ್ಕೊಂದು ಅಂಟಿ
ಹತ್ತು ಇದ್ದದ್ದು ಒಂಬತ್ತಾಗುತ್ತಿತ್ತು.
ಮತ್ತೆ ಎಣಿಸುತ್ತಿದ್ದೆ.

ಕೊನೆಯ ಕಂತು ಬಂದ ಸಂಜೆ ಬ್ಲಾಕನ್ನು ಓವನ್ನಿಗಿಟ್ಟೆ,
ಅಂಗಿಗಳನ್ನು ಫ್ರೀಜರಿನಲ್ಲಿ, ತೆಂಗಿನಕಾಯಿ ಐಸ್‌ಕ್ರೀಮಿನ ಪಕ್ಕ.
ಬಿಸಿಗೆ ಒಂದು ಹಿಗ್ಗಬೇಕು, ಚಳಿಗೆ ಇನ್ನೊಂದು ಕುಗ್ಗಬೇಕು,
ಆ ಕೂದಲೆಳೆಯ ಸಂದಿನಲ್ಲಿ
ಏಳೆಂಟು ಸೆಕೆಂಡಿನೊಳಗೆ, ಸುತ್ತಿಗೆ ಮುಟ್ಟದೆ, ಜಾರಿ ಇಳಿಯಬೇಕು.
ವಿದ್ಯೆ ಅಂದರೆ ಇಷ್ಟೇ. ಉಳಿದದ್ದೆಲ್ಲ ಕಸ ಗುಡಿಸುವುದು.

ಒಂದು ಇಳಿಯಿತು, ಟಣ್ ಅಂತ ತಳ ಮುಟ್ಟಿತು.
ಎರಡು.
ಮೂರನೆಯದು ಅರ್ಧದಲ್ಲಿರುವಾಗ ಕರೆಂಟು ಹೋಯಿತು.

ಪೋರ್ಟೊ ರಿಕೋದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ.
ಆದರೂ ಕತ್ತಲಿಗೆ ನನ್ನ ಕೈ ಒಂದು ಕ್ಷಣ ತಡೆಯಿತು.
ಲೋಹ ತಡೆಯಲಿಲ್ಲ.

ಫೋನಿನ ಬೆಳಕು ಹಿಡಿದು ಜೋಕ್ಸಾನ್ ಬಗ್ಗಿ ನೋಡಿದ.
ತಲೆ ತೂರಿಸಿ ತೋಳು ಸಿಗದೆ ಒದ್ದಾಡುವ ಮಗುವಿನಂತೆ
ಅಂಗಿ ಓರೆಯಾಗಿ ಕಚ್ಚಿಕೊಂಡಿತ್ತು.
"ಈಗ?"
ಈಗ ಕೊರೆದು ತೆಗೆಯಬೇಕು, ಒಂದು ದಿನ. ಇನ್ನೊಂದು ತರಿಸಬೇಕು,
ನೂರೈವತ್ತು, ಹಡಗು ಬಂದರೆ ಎರಡು ವಾರ.

ಅವನು ಮೇಜಿನಿಂದ ರಟ್ಟು ಎತ್ತಿಕೊಂಡ,
ಅಡಿಗೆರೆಯ ಕೆಳಗೆ ಬೆರಳಿಟ್ಟು ಪೆನ್ಸಿಲ್ ನನ್ನತ್ತ ಚಾಚಿದ.
ಪೆನ್ಸಿಲ್ ಬಿಟ್ಟು ರಟ್ಟನ್ನಷ್ಟೇ ಕಸಿದುಕೊಂಡೆ.
ಫ್ಯಾನೂ ಇಲ್ಲ, ಆ ಸೆಕೆ ಬೇರೆ.
ಅದರಲ್ಲೇ ಗಾಳಿ ಬೀಸಿಕೊಂಡೆ, ನನಗೊಮ್ಮೆ, ಅವನಿಗೊಮ್ಮೆ.

ಬ್ಲಾಕು ಆರುತ್ತ ಟಿಕ್ ಟಿಕ್ ಅನ್ನುತ್ತಿತ್ತು.
ಕರಗಿ ಹೋಗುವ ಮೊದಲು ಐಸ್‌ಕ್ರೀಮ್ ಮುಗಿಸೋಣ ಅಂದೆ.
ಎರಡು ಚಮಚ ತೊಳೆದು ತಂದ.
ತೆರೆದ ಫ್ರೀಜರಿನಲ್ಲಿ ನಾಲ್ಕನೆಯ ಅಂಗಿ
ಮೆಲ್ಲಗೆ ಬೆವರತೊಡಗಿತ್ತು.