ಗೆರೆಯ ಈಚೆ

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ
ನೆಲಕ್ಕೆ ಬಳಿದ ಕೆಂಪು ಗೆರೆಯೊಂದಿದೆ.
ವರ್ಷಕ್ಕೆರಡು ಸಲ ನಾನೇ ಬಳಿಯುತ್ತೇನೆ,
ಸ್ಟೋರಿನವರು ಕೊಟ್ಟರೆ ಬಣ್ಣ, ಕೊಡದಿದ್ದರೆ ಟೇಪು.
ಆಚೆ ಹಸಿರು ಬಟ್ಟೆ, ಈಚೆ ದಾವಣಗೆರೆ.

ಈಚೆ ಅಂದರೆ ಪಿ.ಬಿ. ರೋಡಿನ ಧೂಳು,
ಬೆಣ್ಣೆ ಹತ್ತಿದ ಬೆರಳು,
ಎಲ್ಲರ ಚಪ್ಪಲಿಯಡಿಯಲ್ಲಿ ಅವರವರ ಓಣಿ.

ಹದಿನೇಳು ವರ್ಷ ಇಲ್ಲೇ ನಿಂತು ಹೇಳಿದ್ದೇನೆ:
ಉಂಗುರ ತೆಗೀರಿ. ವಾಚು. ಬಳೆ.
ಮುಂಗೈಯ ಆ ಕೆಂಪು ದಾರಾನೂ ಮೇಡಂ,
ದೇವರು ಡಬ್ಬಿಯೊಳಗೆ ಒಂದು ತಾಸು ಕೂತಿರ್ತಾನೆ.
ಮೂಗು ಬಿಟ್ಟು ಬಾಯಿಗಷ್ಟೇ ಮಾಸ್ಕು ಕಟ್ಟಿದರೆ
ಎತ್ತಿಗೆ ಕುಕ್ಕೆ ಕಟ್ಟಿದಂಗೆ ಸಾರ್.

ಮಹೇಶ್ವರಯ್ಯ ಡಾಕ್ಟರ ಕೊರಳಲ್ಲಿ
ಶಿವದಾರ ಹೊರಗೆ ಇಣುಕಿದರೆ
ಬಾಯಿ ಬಿಡುವುದಿಲ್ಲ, ನನ್ನ ಕುತ್ತಿಗೆ ಮುಟ್ಟಿ ತೋರಿಸುತ್ತೇನೆ.
ಒಳಗೆ ಸೇರಿಸಿಕೊಳ್ಳುತ್ತಾರೆ.
ನನ್ನ ತಾಯಿತ ಅದೇ ಡಬ್ಬಿಯಲ್ಲಿದೆ ಎಂದು ಅವರಿಗೂ ಗೊತ್ತು.

ಒಮ್ಮೆ ದೊಡ್ಡ ಸರ್ಜನ್ನು
ಹಸಿರು ಬಟ್ಟೆಯಲ್ಲೇ ಕ್ಯಾಂಟೀನಿಗೆ ಹೋಗಿಬಂದರು.
ಎದೆಯ ಮೇಲೆ ಚಟ್ನಿಯ ಒಂದು ಹನಿ.
ತೊಳೆದ ಜೋಡಿಯನ್ನು ಮಡಿಕೆ ಬಿಚ್ಚದೆ ಚಾಚಿದೆ.
ಗಡಿಯಾರ ನೋಡಿದರು, ನನ್ನ ನೋಡಿದರು.
ಹನ್ನೊಂದು ನಿಮಿಷ ಕಾದಿತು ಯಾರದೋ ಪಿತ್ತಕೋಶ.
ಆ ತಿಂಗಳೆಲ್ಲ ನನಗೆ ರಾತ್ರಿ ಪಾಳಿ ಬಿತ್ತು. ಬೀಳಲಿ.

"ಏನು ಜೈತುನ್‌ಬಿ, ನಿನ್ನ ಮಡಿ ಜೋರು" ಎಂದು ನಕ್ಕರು ಆಫೀಸಿನವರು.
ಮಡಿಯಲ್ಲ ಅಣ್ಣಾ. ಮಡಿಗೆ ಜಾತಿ ಕಾಣುತ್ತೆ,
ಇದಕ್ಕೆ ಉಗುರು.

ನನ್ನ ಮನೆ ಮಂಡಕ್ಕಿ ಭಟ್ಟಿಯ ಪಕ್ಕ.
ಹೊಟ್ಟು ಉರಿದ ಮಸಿ ನುಸಿಯ ಹಾಗೆ ಹಾರುತ್ತದೆ,
ತಂತಿಯ ಮೇಲಿನ ಬಿಳಿ ಸೀರೆಯೂ ಸಂಜೆಗೆ ಬೂದಿ.
ಎರಡು ಸಲ ಮಿಂದು ಡ್ಯೂಟಿಗೆ ಬಂದರೂ
ಕಿವಿಯ ಹಿಂದೆ ಬೆರಳಾಡಿಸಿದರೆ ಕಪ್ಪು.
ಅದಕ್ಕೇ ಇರಬೇಕು, ಬೇರೆಯವರ ಕೊಳೆ ನನಗೆ ಬೇಗ ಕಾಣುವುದು.

ಮೊನ್ನೆ ರಜೆಯ ದಿನ, ರಾತ್ರಿ ಎರಡಕ್ಕೆ,
ತಂಗಿ ಮೆಹರಾಜಳನ್ನು ಆಟೋದಲ್ಲಿ ತಂದೆವು.
ಮಗು ಅಡ್ಡ ತಿರುಗಿತ್ತು. ರಕ್ತ ಸೀಟಿನಿಂದ ಮ್ಯಾಟಿಗಿಳಿದಿತ್ತು.
ಸ್ಟ್ರೆಚರ್ ಗೆರೆ ದಾಟಿತು; ಅವಳ ಕೈ ನನ್ನ ಕೈಯಲ್ಲಿತ್ತು;
ನನ್ನ ಕಾಲೂ ದಾಟುತ್ತಿತ್ತು.

"ಅಕ್ಕಾ, ಚಪ್ಪಲಿ."

ಜಗಳೂರಿನ ಓಬಕ್ಕ. ಬಂದು ಮೂರು ತಿಂಗಳಾಗಿಲ್ಲ.
ಗೌನಿನ ದಾರ ಹಿಂದೆ ಕಟ್ಟುವುದನ್ನು ನಾನೇ ಕಲಿಸಿದ್ದು.
ಕೈ ಅಡ್ಡ ಇಟ್ಟಿದ್ದಳು, ಮುಟ್ಟದ ಹಾಗೆ, ಕಲಿಸಿದ ಹಾಗೆಯೇ.
"ಚಪ್ಪಲಿ ಅಷ್ಟೇ ಅಲ್ಲ ಅಕ್ಕಾ. ನೀವು."

ಬಯ್ಯಬಹುದಿತ್ತು. ಬಾಯಿಗೆ ಬಂದೂ ಇತ್ತು.
ಮೆಹರಾಜಳ ಬೆರಳು ನಾನೇ ಬಿಡಿಸಿದೆ, ಒಂದೊಂದಾಗಿ,
ಉಂಗುರ ಬಿಚ್ಚುವ ಹಾಗೆ.
ಅವಳ ಬಳೆಗಳಷ್ಟೇ ನನ್ನ ಕೈಯಲ್ಲಿ ಉಳಿದವು.

ಗೆರೆಯ ಈಚೆ ಕೂತರೆ ಗೊತ್ತಾಗುತ್ತದೆ
ಅದೆಷ್ಟು ಅಗಲ ಎಂದು.
ಬಾಗಿಲ ಸಂದಿನಲ್ಲಿ ಹಸಿರು ಕಾಲುಗಳು,
ನೀರು ಬೀಳುವ ಸದ್ದು. ಕೈ ತೊಳೆಯುತ್ತಿದ್ದಾರೆ,
ಇನ್ನೂ ತೊಳೆಯುತ್ತಿದ್ದಾರೆ.
ಬೇಗ ಮಾಡ್ರೋ ಎಂದು ಒಳಗೊಳಗೇ ಕೂಗಿದೆ,
ಪೂರ್ತಿ ತೊಳೀರಿ ಎಂದೂ ಕೂಗಿದೆ.

ಕೊನೆಗೆ ಬಾಗಿಲು ತೆರೆದು ಡಾಕ್ಟರು ಬಂದರು,
ಮಾಸ್ಕು ಗದ್ದದ ಕೆಳಗೆ ಜೋತುಬಿದ್ದಿತ್ತು.
"ಮಾಸ್ಕು ಸಾರ್" ಅಂದೆ ಮೊದಲು.
ಆಮೇಲೆ ಕೇಳಿದೆ, ಇದ್ದಾಳಾ ಅಂತ.

ಇದ್ದಾಳೆ. ಇಬ್ಬರೂ.

ಎದ್ದು ನಿಂತಾಗ ಸೆರಗಿನಿಂದ ಏನೋ ಉದುರಿತು:
ಒಂದು ಮಂಡಕ್ಕಿ ಕಾಳು. ಹಗುರ. ಉರುಳಿ
ಗೆರೆ ದಾಟಿ ನಿಂತಿತು.
ನಾನು ಕೈ ಚಾಚಲಿಲ್ಲ.
"ಓಬಕ್ಕಾ" ಅಂದೆ, "ಅದೊಂದು ತೆಗಿಯೇ."