ಕ್ರೇನಿನವನ ಲೆಕ್ಕ

ಎದುವೀಹಿಸ್ ರಿಫೋ ಬಗ್ಗೆ ಏನಾದರೂ ಬರೆದುಕೊಡಿ ಅಂತ
ಮ್ಯೂಸಿಯಮ್ಮಿನ ಹುಡುಗಿ ನಾಲ್ಕು ಹಾಳೆ ಬಿಟ್ಟುಹೋಗಿದ್ದಾಳೆ.
ನನಗೆ ಗೊತ್ತಿರುವುದು ತೂಕ.
ಮೂವತ್ತೊಂದು ವರ್ಷ ಅವಳು ಮಾಡಿದ್ದನ್ನೆಲ್ಲ
ಎತ್ತಿದವನು ನಾನು, ಇಳಿಸಿದವನೂ ನಾನೇ.

ಮೊದಲನೆಯದು ಆರುನೂರು ಕಿಲೋ.
ತಾಲ್ಕಾವಾನೊ ಬಂದರಿನ ಗುಜರಿಗೆ
ಹಡಗಿನ ಹೊಟ್ಟೆ ಕೊಯ್ದ ತಗಡು ಕೇಳಲು ಬಂದಿದ್ದಳು,
ಗಂಡಸರ ಬೂಟು, ಎರಡು ಸೈಜು ದೊಡ್ಡದು,
ತುದಿಗೆ ಹಳೇ ಪೇಪರು ತುರುಕಿದ್ದು ಆಮೇಲೆ ತಿಳಿಯಿತು.
ಫೋರ್‌ಮನ್ ನಕ್ಕ: 'ಬಾಣಲೆ ಮಾಡ್ತೀಯೇನಮ್ಮ?'
'ಹೂಂ,' ಅಂದಳು, 'ಊರಿಗೆಲ್ಲ ಸಾಲುವಷ್ಟು.'

ಅದು ಬಸ್ ನಿಲ್ದಾಣದ ಮುಂದೆ ನಿಂತಿತು.
ಅಲೆಯೋ, ಬೆನ್ನು ಬಗ್ಗಿಸಿದ ಹೆಂಗಸೋ,
ಪತ್ರಿಕೆಯವರು ಕಬ್ಬಿಣದ ಕಡಲೆ ಅಂತ ಬರೆದರು.
ಮಕ್ಕಳ ಹಲ್ಲು ಗಟ್ಟಿ.
ವಾರದೊಳಗೆ ಅದು ಜಾರುಬಂಡೆ.
ಬೆನ್ನಿನ ಆ ಒಂದು ಗೆರೆ ಮಾತ್ರ ಇವತ್ತಿಗೂ ತುಕ್ಕು ಹಿಡಿದಿಲ್ಲ,
ಸಾವಿರಾರು ಚಡ್ಡಿಗಳು ಉಜ್ಜಿ ಉಜ್ಜಿ ಬೆಳಗಿದ್ದು.

ಆಮೇಲೆ ತೂಕ ಏರಿತು. ನಾಲ್ಕು ಟನ್. ಹನ್ನೊಂದು.
ಸಾಂತಿಯಾಗೊದ ಬ್ಯಾಂಕಿಗೆ ಇಪ್ಪತ್ತೆರಡು.
ಆ ದಿನ ಗಾಳಿ. ಕೊಕ್ಕೆಯಲ್ಲಿ ತೂಗುವ ಉಕ್ಕಿನ ಕೆಳಗೆ
ನಿಂತು ಸಿಗರೇಟು ಹಚ್ಚಿದಳು. ಸರೀ ಅಂತ ಕೂಗಿದೆ.
'ಬಿದ್ದರೆ ನಿನ್ನ ತಪ್ಪು,
ನಿಂತರೆ ನನ್ನ ಹೆಸರು.'

ಒಂಬತ್ತು ವರ್ಷ ನಿಂತಿತು.
ಬ್ಯಾಂಕು ಮುಚ್ಚಿತು, ಹೊಸಬರಿಗೆ ಪಾರ್ಕಿಂಗ್ ಬೇಕಾಯಿತು,
ಕಳಚಲು ಕರೆದದ್ದೂ ನನ್ನನ್ನೇ.
ಹೋಗಬೇಡ ಅನ್ನಲಿಲ್ಲ ಅವಳು.
'ಬೆಸುಗೆಯ ಮೇಲೆ ಕೊಯ್ಯಬೇಡಿ, ಅದು ನನ್ನ ಕೈದು,
ಗರಗಸದ ಹಲ್ಲು ಹೋಗುತ್ತೆ. ಪಕ್ಕದಲ್ಲಿ ಕೊಯ್ಯಿರಿ.'
ಹಾಗೇ ಆಯಿತು. ಉಕ್ಕು ಸೋತಿತು, ಬೆಸುಗೆ ಸೋಲಲಿಲ್ಲ.
ಕಿಲೋಗೆ ನೂರಾ ತೊಂಬತ್ತು ಪೆಸೊ ಬಂತು.
ಆ ರಸೀದಿ ಅವಳ ಅಡುಗೆಮನೆ ಗೋಡೆಯ ಮೇಲಿತ್ತು,
ಪ್ರಶಸ್ತಿಗಳು ಮಂಚದ ಕೆಳಗೆ.

ಸಮುದ್ರ ಊರೊಳಗೆ ಬಂದ ರಾತ್ರಿಯ ಮಾತು ಬೇರೆ.
ಬೆಳಗ್ಗೆ ರಸ್ತೆಯಲ್ಲಿ ಕಂಟೇನರು, ಮೀನು, ಯಾರದೋ ಪಿಯಾನೊ.
ಬಂದರಿನ ಚೌಕದಲ್ಲಿ ಅವಳ ಹದಿನೇಳು ಟನ್ನಿನ ಕಮಾನು
ಕದಲಿರಲಿಲ್ಲ. ಅದರ ತೋಳಿಗೆ
ಒಂದು ಹಳದಿ ದೋಣಿ ಒರಗಿಕೊಂಡಿತ್ತು,
ದೋಣಿಯೊಳಗೆ ಒದ್ದೆ ನಾಯಿ.
ಪರ ಊರಿನ ಕ್ಯಾಮೆರಾದವನು ಕೇಳಿದ:
'ದೋಣಿಯೂ ನಿಮ್ಮದೇ ಕೃತಿಯಾ, ಮೇಡಂ?'
ಅವಳು ನಾಯಿಯನ್ನು ನೋಡುತ್ತಿದ್ದಳು.
ತಂಗಿ ಇನ್ನೂ ಸಿಕ್ಕಿರಲಿಲ್ಲ.

ಮೂರನೆಯ ದಿನ ದೋಣಿ ಎತ್ತಿದೆ. ಎರಡು ಟನ್ ಚಿಲ್ಲರೆ.
ಕಮಾನಿನಲ್ಲಿ ಮೊಣಕೈ ಉದ್ದದ ತಗ್ಗು.
ದುರಸ್ತಿಗೆ ನಗರಸಭೆ ಹಣ ಮಂಜೂರು ಮಾಡಿತು.
ಬೇಡ ಅಂದಳು.
'ಇಷ್ಟು ವರ್ಷದಲ್ಲಿ ಅದೊಂದು ಜಾಗ ನಾನು ಮಾಡಿದ್ದಲ್ಲ.'

ಅಲ್ಲಿಂದಾಚೆ ಎಲ್ಲ ಸಣ್ಣವು.
ವಯಸ್ಸಾಯಿತು, ಕೈ ಸೋತಿತು ಅಂತ
ದಪ್ಪ ಪುಸ್ತಕದಲ್ಲಿ ಅಚ್ಚಾಗಿದೆ. ಸುಳ್ಳು.
'ಒಬ್ಬಳೇ ಎತ್ತಿಕೊಂಡು ಓಡುವಷ್ಟಿರಲಿ,' ಅಂದಿದ್ದಳು.
ಹಾಗಾದರೆ ನನ್ನ ಗತಿ ಅಂದೆ.
'ಚಹಾಕ್ಕೆ ಬಾ.'
ಹೋಗುತ್ತಿದ್ದೆ, ಗುರುವಾರ ಗುರುವಾರ.

ಹಾಳೆಯ ಕೊನೆಗೆ ಒಂದು ಖಾಲಿ ಚೌಕವಿದೆ:
ಕಮಾನಿನ ಅರ್ಥ, ನಿಮ್ಮ ಮಾತಿನಲ್ಲಿ.
ಬರೆದಿದ್ದೇನೆ:
ಮಳೆ ನಿಂತ ಮೇಲೂ ಅರ್ಧ ಗಂಟೆ ತೊಟ್ಟಿಕ್ಕುತ್ತದೆ.
ಕೆಳಗೆ ನಿಂತರೆ ಹೆಗಲಿಗೆ ಕಂದು ಕಲೆ,
ಯಾವ ಸೋಪಿಗೂ ಹೋಗದು.
ನನ್ನ ಹತ್ತಿರ ಅಂಥ ಮೂರು ಶರ್ಟುಗಳಿವೆ.