ಐದು ಜನಕ್ಕೆ ಎರಡು ಲೋಟ

ಮೂರೂ ಮುಕ್ಕಾಲಿಗೆ ಅಪ್ಪ ಏಳುತ್ತಾನೆ.
ದೀಪ ಹಾಕುವುದಿಲ್ಲ.
ಮಲಗಿದಲ್ಲಿಂದಲೇ ಸದ್ದಿನಲ್ಲಿ ತಿಳಿಯುತ್ತದೆ ನನಗೆ:
ಎರಡು ರಾತ್ರಿ ಹುಳಿಯಿಟ್ಟ ರಾಗಿಹಿಟ್ಟು
ಕುದಿನೀರಿಗೆ ಇಳಿಯಿತು,
ಈಗ ಮರದ ಸೌಟು.
ಕಿಸೀ ಬೆಟ್ಟದ ತಿರುವುಗಳಲ್ಲಿ
ಹದಿನಾಲ್ಕು ಸೀಟಿನ ಮಟಾಟು ತಿರುಗಿಸುವ ಕೈ
ಊಜಿ ತಿರುಗಿಸುತ್ತಿದೆ,
ಗಂಟಾಗದ ಹಾಗೆ, ಒಂದೇ ದಿಕ್ಕಿಗೆ,
ಹಾರನ್ ಇಲ್ಲದೆ.

ಆಮೇಲೆ ಫ್ಲಾಸ್ಕು. ಕೆಂಪು. ಮೂರು ಲೀಟರಿನದು.
ಮುರಿದ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ.
ನಮ್ಮನೆಯ ಬೆಳಗು ಅದರೊಳಗೆ
ಬಿರಡೆ ಬಿಗಿದುಕೊಂಡು ಕೂತಿರುತ್ತದೆ.

ನಾಲ್ಕೂವರೆಗೆ ಅಪ್ಪ ತನ್ನ ಪಾಲು ಕುಡಿದು
ಲೋಟ ತೊಳೆದು ಬೋರಲು ಹಾಕಿ ಹೊರಟ.
ಐದೂವರೆಗೆ ಅಣ್ಣ ಮೊಗಾಕ,
ಬಾಳೆಗೊನೆ ಇಳಿಸಲು ಸಂತೆಗೆ; ನಿಂತೇ ಕುಡಿದ.
ಆರಕ್ಕೆ ನಾನು.
ಆರೂ ಕಾಲಿಗೆ ಮೊರಾಳನ್ನು ಎಳೆದು ಕೂರಿಸಿ
ಊದಿ ಊದಿ ಅರ್ಧ ಲೋಟ;
ಬೆಂದ ಗೆಣಸು ಒಂದು ಕಚ್ಚು ಬಾಯಲ್ಲಿ,
ಉಳಿದದ್ದು ಸ್ವೆಟರಿನ ಜೇಬಲ್ಲಿ.
ಒಬ್ಬರು ತೊಳೆದಿಟ್ಟದ್ದು ಇನ್ನೊಬ್ಬರಿಗೆ:
ಐದು ಜನಕ್ಕೆ ಎರಡೇ ಲೋಟ
ಯಾವತ್ತೂ ಕಮ್ಮಿ ಬಿದ್ದಿಲ್ಲ.

ಅಮ್ಮ ಬರುವುದು ಎಂಟಕ್ಕೆ, ಹೆರಿಗೆ ವಾರ್ಡಿನಿಂದ.
ಅಲ್ಲಿ ಗೋಡೆಗೊಂದು ಪಟ:
ಮೇಜು, ಮೊಟ್ಟೆ, ಹಾಲು, ಹೆಚ್ಚಿದ ಪಪ್ಪಾಯಿ,
ಸುತ್ತ ನಗುವ ಐದು ಮುಖ.
ಮನೆಗೆ ಹೊರಟ ಬಾಣಂತಿಯರಿಗೆ ಅಮ್ಮ
ಕೋಲಿಟ್ಟು ತೋರಿಸುತ್ತಾಳಂತೆ:
ಬೆಳಗಿನ ತಿಂಡಿ ಬಿಡಬೇಡಿ, ಎಲ್ಲರೂ ಕೂತು ತಿನ್ನಿ.
ಬಂದವಳೇ ಶೂ ಬಿಚ್ಚುವ ಮೊದಲು
ಫ್ಲಾಸ್ಕು ತಲೆಕೆಳಗು ಮಾಡುತ್ತಾಳೆ.

ಮಟಾಟು ಮುಷ್ಕರದ ದಿನ
ರಸ್ತೆ ಮಲಗಿತ್ತು. ಸಂತೆಯಿಲ್ಲ.
ಮೇಷ್ಟ್ರು ಬರುವುದಿಲ್ಲವೆಂದು ಶಾಲೆಯೂ ಇಲ್ಲ.
ಅಮ್ಮನಿಗೆ ಅದೇ ರಾತ್ರಿ ರಜೆ ಬಂದಿತ್ತು.
ಆರು ಗಂಟೆಗೆ ಅಡುಗೆಮನೆಯಲ್ಲಿ ಐದು ಜನ ಎದುರುಬದುರು
ನೆಂಟರ ಹಾಗೆ ನಿಂತೆವು.

ಲೋಟ ಅಮ್ಮನಿಗೊಂದು, ಮೊರಾಳಿಗೊಂದು.
ಅಣ್ಣನಿಗೆ ಫ್ಲಾಸ್ಕಿನ ಮುಚ್ಚಳ,
ನನಗೆ ಹಿಟ್ಟಳೆಯುವ ಡಬ್ಬಿ,
ಅಪ್ಪ ಸೌಟಿನಲ್ಲೇ.

"ಸಕ್ಕರೆ?" ಅಂದಳು ಅಮ್ಮ.
"ಬಿಟ್ಟು ಬಹಳ ದಿನವಾಯ್ತು."
"ಯಾವಾಗ?"
ಅಪ್ಪ ಬೆಲೆ ಹೇಳಿದ, ತಾರೀಖು ಹೇಳಲಿಲ್ಲ.
ಅಣ್ಣ ಮೆತ್ತಗೆ ಅಂಗಿಯೊಳಗಿಂದ
ಹುರಿದ ಕಡಲೆಕಾಯಿ ಪುಡಿಯ ಪೊಟ್ಟಣ ತೆಗೆದ.
ದಿನಾ ಒಬ್ಬನೇ ಹಾಕಿಕೊಳ್ಳುತ್ತಿದ್ದನಂತೆ, ಕಳ್ಳ.
ಮೊರಾ ಇಡೀ ಪೊಟ್ಟಣ ಸುರಿದುಕೊಂಡಳು.

ಅಮ್ಮ ಒಂದು ಗುಟುಕು ಕುಡಿದು ಲೋಟ ನೋಡಿದಳು.
"ಇದೇನಿದು, ನೀರು?"
"ಊಜಿ."
"ನಮ್ಮದು ಹೀಗಿರುವುದಿಲ್ಲ.
ಚಮಚ ನೆಟ್ಟರೆ ನಿಲ್ಲುತ್ತದೆ. ಅಲ್ಲಲ್ಲಿ ಗಂಟು."
ಅಪ್ಪನ ಸೌಟು ನಡುದಾರಿಯಲ್ಲೇ ನಿಂತಿತು.
"ನನ್ನ ಊಜಿಯಲ್ಲಿ ಗಂಟಿರುವುದಿಲ್ಲ, ಬೋಸಿಬೊರಿ."
"ಎಂಟು ವರ್ಷದಿಂದ ತಿನ್ನುತ್ತಿದ್ದೇನೆ, ನನಗೆ ಗೊತ್ತಿಲ್ಲವೇ?"
ಯಾರೂ ಮಾತಾಡಲಿಲ್ಲ.
ತೆಳ್ಳನೆಯದು ಮೇಲಿನವರಿಗೆ,
ಮಂದವೆಲ್ಲ ಇಳಿದಿಳಿದು ತಳಕ್ಕೆ:
ಇಷ್ಟು ವರ್ಷ ಯಾರ ತಲೆಗೂ ಹೊಳೆದಿರಲಿಲ್ಲ.
ಮೊದಲು ನಕ್ಕಿದ್ದು ಮೊರಾ,
ಮೂಗಿನಿಂದ ರಾಗಿ ಬರುವಷ್ಟು.

ಎಂಟಕ್ಕೆ ಫೋನು ಬಂತು. ಮುಷ್ಕರ ಮುಗಿದಿತ್ತು.
ಅಪ್ಪ ಬೀಗದಕೈ ಹುಡುಕುತ್ತ ಹೊರಟುಹೋದ.

ಮರುದಿನ ಫ್ಲಾಸ್ಕಿನ ಹೊಟ್ಟೆಗೆ
ಟಿಕೆಟ್ ಪುಸ್ತಕದಿಂದ ಹರಿದ ಚೀಟಿ ಅಂಟಿಸಿತ್ತು,
ಅಪ್ಪನ ಓರೆ ಅಕ್ಷರ: ಕುಲುಕಿ ಸುರಿಯಿರಿ.
ಅಣ್ಣ ಕುಲುಕುತ್ತಾನೆ. ಮೊರಾ ಕುಣಿದು ಕುಲುಕುತ್ತಾಳೆ.

ಎರಡು ವಾರ ನೋಡಿದೆ.
ಅಮ್ಮ ಕುಡಿಯುತ್ತಾಳೆ, ಚೆನ್ನಾಗಿದೆ ಅನ್ನುತ್ತಾಳೆ,
ಆಮೇಲೆ ಚಮಚ ಹಾಕಿ
ಒಳಗೆಲ್ಲ ತಡಕುತ್ತಾಳೆ.

ಈಗ ಕೊನೆಗೆ ಸುರಿಯುವುದು ನಾನೇ.
ಮೊರಾಳನ್ನು ಮೊದಲು ಕೂರಿಸಿಬಿಡುತ್ತೇನೆ.
ಅವಳು ಕುಲುಕಿದ್ದು ತಣ್ಣಗೆ ಇಳಿಯಲಿ ಅಂತ
ಜಡೆ ಹಾಕಿಕೊಳ್ಳುತ್ತೇನೆ, ಎರಡೂ ಕಡೆ,
ನಿಧಾನವಾಗಿ.